140 ಮೆಶೀನ್, ಒಂದೇ ಸ್ಕ್ರಿಪ್ಟ್: ನೀವು ಹೇಗೆ ಮಾಡುತ್ತೀರಿ?

ಉರ್ವಸ್ಟೋರ್: ಸಹಕಾರಿ ಸಂಘದ ಕೆಲಸ. ಬೈಂದೂರಿನಿಂದ ಸುಳ್ಯದವರೆಗೆ ಶಾಖೆಗಳು, ಒಟ್ಟು 140 ಉಬುಂಟು (ಲಿನಕ್ಸ್) ಮೆಶೀನ್. ಎಲ್ಲದರಲ್ಲೂ ಅದೇ ಸ್ಕ್ರಿಪ್ಟ್ ಓಡಿಸಲು ಫಾರ್ ಲೂಪ್ ಹಾಕಿ ಒಂದೊಂದಕ್ಕೇ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡುತ್ತೇನೆ. ಊಟ ಆಗಿ ಶುರು ಮಾಡಿದರೆ ಸಂಜೆಯಾಗುತ್ತದೆ. ಬೇರೆ ದಾರಿ ಉಂಟಾ?

ಕಾರ್ಕಳದವ: ಆನ್ಸಿಬಲ್, ಎಸ್‌ಎಸ್‌ಎಚ್ ಮೂಲಕವೇ ತುಂಬ ಮೆಶೀನಿಗೆ ಒಟ್ಟಿಗೆ ಕೆಲಸ ಹಂಚುವ ಟೂಲ್. ಬೇರೆ ಮಾತೇ ಇಲ್ಲ. ಆದರೆ ಹಾಕಿದ ಕೂಡಲೇ ವೇಗ ಬರುವುದಿಲ್ಲ ಮಾರಾಯ್ರೆ. ಫೋರ್ಕ್ಸ್, ಅಂದರೆ ಒಂದೇ ಸಲಕ್ಕೆ ಹಿಡಿಯುವ ಮೆಶೀನ್, ಡೀಫಾಲ್ಟ್ ಬರೀ 5. ನಾನು 50ಕ್ಕೆ ಏರಿಸಿದೆ, ಎಸ್‌ಎಸ್‌ಎಚ್ ಓಡಾಟ ಕಡಿಮೆ ಮಾಡುವ ಪೈಪ್‌ಲೈನಿಂಗ್ ಆನ್ ಮಾಡಿದೆ, ಬೇಡದ ಕಡೆ ಫ್ಯಾಕ್ಟ್ಸ್ (ಮೆಶೀನಿನ ವಿವರ) ಸಂಗ್ರಹ ನಿಲ್ಲಿಸಿದೆ. ಆದರೂ ಘಟ್ಟದ ಬುಡದಲ್ಲೊಂದು ಶಾಖೆ, ಮಳೆ ಬಂದರೆ ಲಿಂಕ್ ತೆವಳುತ್ತದೆ. ಲೀನಿಯರ್ ಸ್ಟ್ರಾಟೆಜಿಯಲ್ಲಿ ಅದೊಂದು ಮುಗಿಸುವ ತನಕ ಉಳಿದವು ಮುಂದಿನ ಟಾಸ್ಕ್‌ಗೆ ಹೋಗುವುದಿಲ್ಲ. ಒಂದಕ್ಕೊಂದು ಕಾಯದ ಫ್ರೀ ಸ್ಟ್ರಾಟೆಜಿಗೆ ಬದಲಿಸಿದ ಮೇಲೆಯೇ ಉಸಿರಾಡಿದ್ದು. 50 ಫೋರ್ಕ್‌ಗೆ ಆನ್ಸಿಬಲ್ ಓಡಿಸುವ ಮೆಶೀನಿನ 4 ಜಿಬಿ ರ‍್ಯಾಮ್ ಸಾಲದೆ 16 ಹಾಕಿಸಿದೆ. ಆ ಬಿಲ್ ಪಾಸ್ ಮಾಡಿಸಲು ಮ್ಯಾನೇಜರ್ ಹಿಂದೆ ಅಲೆದದ್ದು ಬೇರೆ.

ಸುರತ್ಕಲ್ ಲೋಕಲ್: ಇಷ್ಟೆಲ್ಲ ಯಾಕೆ? ಪಿಎಸ್‌ಎಸ್‌ಎಚ್ ಸಾಕು, ಒಂದೇ ಕಮಾಂಡನ್ನು ತುಂಬ ಮೆಶೀನಿಗೆ ಒಟ್ಟಿಗೆ ಕಳಿಸುತ್ತದೆ. ಉಬುಂಟುವಿನಲ್ಲಿ ಪ್ಯಾರಲಲ್-ಎಸ್‌ಎಸ್‌ಎಚ್ ಅಂತ ಹೊಡೆಯಬೇಕು. ಹೋಸ್ಟ್ ಫೈಲ್ (ಮೆಶೀನ್ ಪಟ್ಟಿ) ಕೊಡಿ, ಟೈಮ್‌ಔಟ್ ಕೊಡಿ, ಔಟ್‌ಪುಟ್ ಫೋಲ್ಡರ್ ಕೊಡಿ, ಪ್ರತಿ ಮೆಶೀನಿನ ಔಟ್‌ಪುಟ್ ಬೇರೆ ಬೇರೆ ಫೈಲಿಗೆ ಹೋಗುತ್ತದೆ. ಖರ್ಚು ಸೊನ್ನೆ. ಆನ್ಸಿಬಲ್‌ನ ಯಾಮಲ್ ಫೈಲಿನಲ್ಲಿ ಸ್ಪೇಸ್ ಎಣಿಸುವ ಕರ್ಮ ನನಗೆ ಬೇಡ.

ಕಾರ್ಕಳದವ: ಅರ್ಧದಲ್ಲಿ ಕರೆಂಟ್ ಹೋದರೆ? ಮತ್ತೆ ಓಡಿಸಿದಾಗ ಕಾನ್ಫಿಗ್‌ನಲ್ಲಿ ಅದೇ ಸಾಲು ಎರಡು ಸಲ ಬೀಳುತ್ತದೆ ಅಲ್ವಾ?

ಸುರತ್ಕಲ್ ಲೋಕಲ್: ಸೇರಿಸುವ ಮೊದಲು ಆ ಸಾಲು ಉಂಟಾ ಅಂತ ಗ್ರೆಪ್ ಮಾಡಿ ನೋಡಲು ಬಾರದವರಿಗೆ ಬೀಳುತ್ತದೆ.

ಕುಂದಾಪ್ರ ಬದಿ: ಇಬ್ಬರೂ ಶಾಖೆಯ ಬಾಗಿಲು ತೆರೆದೇ ಇದೆ, ಹೊರಗಿನಿಂದ ಮೆಶೀನಿಗೆ ಸೇರಬಹುದು ಅಂತ ಲೆಕ್ಕ ಹಾಕಿದ್ದೀರಿ. ನಮ್ಮಲ್ಲಿ ಸ್ಟ್ಯಾಟಿಕ್ ಐಪಿ (ಬದಲಾಗದ ವಿಳಾಸ) ಇಲ್ಲ, ಶಾಖೆಗೊಂದರಂತೆ ತಿಂಗಳ ದುಡ್ಡು ಕಟ್ಟಲು ಆಡಳಿತ ಮಂಡಳಿ ಒಪ್ಪಲೇ ಇಲ್ಲ. ಕೊನೆಗೆ ಸಾಲ್ಟ್ ಅಂತ ಇನ್ನೊಂದು ಟೂಲ್ ಹಾಕಿದೆ. ಶಾಖೆಯ ಮೆಶೀನಿನಲ್ಲಿರುವ ಅದರ ಏಜೆಂಟ್, ಅಂದರೆ ಮಿನಿಯನ್ನೇ, ಮಾಸ್ಟರ್‌ನ (ಮುಖ್ಯ ಸರ್ವರಿನ) 4505, 4506 ಪೋರ್ಟಿಗೆ ಬಂದು ಸೇರುತ್ತದೆ. ಶಾಖೆಯ ರೂಟರ್ ಮುಟ್ಟುವುದೇ ಬೇಡ.

ಕಾರ್ಕಳದವ: 2020ರಲ್ಲಿ ಹ್ಯಾಕರ್‌ಗಳು ಸಾಲ್ಟ್ ಮಾಸ್ಟರ್‌ಗಳಿಗೆ ನುಗ್ಗಿ ಕ್ರಿಪ್ಟೊ ಮೈನರ್ (ಕ್ರಿಪ್ಟೊ ನಾಣ್ಯ ದುಡಿಯುವ ಪ್ರೋಗ್ರಾಂ) ಕೂರಿಸಿದ್ದು ಮರೆತುಹೋಯಿತಾ?

ಕುಂದಾಪ್ರ ಬದಿ: ಪ್ಯಾಚ್ ಮೊದಲೇ ಬಂದಿತ್ತು. ಹಾಕದವರಿಗೆ ಬಿತ್ತು. ನಿಮ್ಮ ಎಸ್‌ಎಸ್‌ಎಚ್ ಕೀ ಇರುವ ಲ್ಯಾಪ್‌ಟಾಪ್ ಕಳುವಾದರೆ ಎಂತ ಗತಿ, ಅದನ್ನೂ ಹೇಳಿ.

ಉರ್ವಸ್ಟೋರ್: ಜಗಳ ಆಮೇಲೆ. ಮೆಶೀನ್ ಪಟ್ಟಿಯನ್ನು ಫೈಲಿಗೆ ಹಾಕಿ, ಅದನ್ನು ಸಾಲು ಸಾಲಾಗಿ ಓದುವ ವೈಲ್ ರೀಡ್ ಲೂಪ್ ಮಾಡಿದೆ. ಮೊದಲ ಮೆಶೀನ್ ಆಗಿ ಸುಮ್ನೆ ನಿಂತುಬಿಟ್ಟಿತು.

ಸುರತ್ಕಲ್ ಲೋಕಲ್: ಎಸ್‌ಎಸ್‌ಎಚ್‌ಗೆ -n (ಸಣ್ಣಕ್ಷರ) ಕೊಡಿ. ಇಲ್ಲದಿದ್ದರೆ ಪಟ್ಟಿಯಲ್ಲಿ ಉಳಿದ ಹೆಸರನ್ನೆಲ್ಲ ಅದೇ ನುಂಗುತ್ತದೆ.

ಕಾರ್ಕಳದವ: ಇದಕ್ಕೇ ಹೇಳಿದ್ದು ಆನ್ಸಿಬಲ್ ಅಂತ.

ಕುಂದಾಪ್ರ ಬದಿ: ಅದಿರಲಿ, 16 ಜಿಬಿಗೆ ಎಷ್ಟು ಕೊಟ್ಟಿರಿ? ಮಂಗಳೂರಿನ ಹಂಪನಕಟ್ಟೆಯಲ್ಲಿ ತೆಗೆದುಕೊಂಡದ್ದಾದರೆ ಖಂಡಿತ ಜಾಸ್ತಿ ಕೊಟ್ಟಿದ್ದೀರಿ.