ಪದಚರ್ಚೆ: ‘ವಿತ್ತೀಯ ಏಕೀಕರಣ’ ಸರಿಯೇ? ‘ವೈದ್ಯರ ಮೌಲ್ಯಮಾಪನ’ ಎಂದರೆ ಯಾರು ಯಾರನ್ನು ಅಳೆದದ್ದು?

ಬಲ್ಲವರಿಗೆಲ್ಲ ನಮಸ್ಕಾರ.

ಅನುವಾದಕ್ಕೆಂದು ಎರಡು ಲೇಖನಗಳು ಒಟ್ಟಿಗೆ ಬಂದಿವೆ. ಒಂದು, ದೇಶಗಳು ತಮ್ಮ ತಮ್ಮ ಕರೆನ್ಸಿ ಬಿಟ್ಟು ಒಂದೇ ಕರೆನ್ಸಿಗೆ ಬರುವ ವಿಚಾರ, ಮಾನಿಟರಿ ಇಂಟಿಗ್ರೇಶನ್. ಇನ್ನೊಂದು, ಫ್ಯಾಮಿಲಿ ಡಾಕ್ಟರುಗಳ ದಿನನಿತ್ಯದ ಕೆಲಸವನ್ನು ಅಳೆಯುವ ಬಗೆ. ಎತ್ತಣ ಮಾಮರ ಎತ್ತಣ ಕೋಗಿಲೆ ಅಂದುಕೊಂಡೇ ಕೂತೆ. ಆದರೆ ಎರಡರಲ್ಲೂ ಶೀರ್ಷಿಕೆಯಲ್ಲೇ ಸಿಕ್ಕಿಬಿದ್ದೆ, ಅದೂ ಒಂದೇ ಬಗೆಯ ತೊಡಕಿನಲ್ಲಿ: ಕೈಗೆ ಮೊದಲು ಸಿಗುವ ಕನ್ನಡ ಪದ ಆಗಲೇ ಬೇರೆ ಕಡೆ ಚಾಕರಿಗೆ ಸೇರಿಬಿಟ್ಟಿದೆ.

ಮೊದಲು ಹಣದ್ದು. ಮಾನಿಟರಿಗೆ ‘ವಿತ್ತೀಯ’ ಎಂದು ಬರೆದವರಿದ್ದಾರೆ, ‘ಹಣಕಾಸು’ ಎಂದವರೂ ಇದ್ದಾರೆ. ಪತ್ರಿಕೆ ಓದುವವರಿಗೆ ‘ವಿತ್ತೀಯ ಕೊರತೆ’ ಎಂದರೆ ಸರ್ಕಾರದ ವರಮಾನಕ್ಕಿಂತ ಖರ್ಚು ಹೆಚ್ಚಾಗಿ, ಸಾಲ ಮಾಡಿ ತುಂಬಬೇಕಾದ ಅಂತರ. ಅಂದರೆ ಅಲ್ಲಿ ವಿತ್ತೀಯ ಎಂದರೆ ಫಿಸ್ಕಲ್. ಅದೇ ಪತ್ರಿಕೆಯಲ್ಲಿ ರಿಸರ್ವ್ ಬ್ಯಾಂಕು ಬಡ್ಡಿದರ ಗೊತ್ತುಮಾಡುವುದು ‘ಹಣಕಾಸು ನೀತಿ’. ಅದು ಮಾನಿಟರಿ. ಸರಿ, ಹಣಕಾಸು ಎಂದರೆ ಮಾನಿಟರಿ ಎಂದೇ ಇಟ್ಟುಕೊಳ್ಳೋಣ ಎಂದರೆ, ಬಜೆಟ್ ಮಂಡಿಸುವವರು ‘ಹಣಕಾಸು ಸಚಿವರು’! ತೆರಿಗೆ, ಖರ್ಚು, ಸಾಲ ಅವರ ಪಾಲಿನದು, ಬಡ್ಡಿದರವಲ್ಲ.

ಬೇರೆ ಲೇಖನದಲ್ಲಾದರೆ ಈ ಗೊಂದಲ ಹೇಗೋ ನಡೆದೀತು. ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಅದು ಹೇಳುವ ಯೂರೋ (ಯುರೋಪಿನ ಹಲವು ದೇಶಗಳ ಒಂದೇ ಕರೆನ್ಸಿ) ಕಥೆಯ ತಿರುಳೇ ಈ ಎರಡರ ನಡುವಿನ ಬಿರುಕು. ಆ ದೇಶಗಳು ಮಾಡಿಕೊಂಡ 1992ರ ಮಾಸ್ಟ್ರಿಕ್ಟ್ ಒಪ್ಪಂದದ ಪ್ರಕಾರ ಕರೆನ್ಸಿ ಒಂದಾಗಬೇಕು, ಬಡ್ಡಿದರವನ್ನು ಒಂದೇ ಕೇಂದ್ರ ಬ್ಯಾಂಕು ಗೊತ್ತುಮಾಡಬೇಕು. ತೆರಿಗೆ ಮತ್ತು ಖರ್ಚು ಮಾತ್ರ ಆಯಾ ದೇಶದ್ದೇ. ಅದಕ್ಕೆ ಹಾಕಿದ ಬೇಲಿ ಇಷ್ಟೇ: ಸರ್ಕಾರದ ಕೊರತೆ ಜಿಡಿಪಿಯ ಶೇ 3ರೊಳಗೆ, ಸಾಲ ಶೇ 60ರೊಳಗೆ ಇರಬೇಕು. 2001ರಲ್ಲಿ ಯೂರೋ ಸೇರಿದ ಗ್ರೀಸ್, 2009ರ ಕೊನೆಗೆ ತನ್ನ ಕೊರತೆ ಹಿಂದೆ ಹೇಳಿದ್ದಕ್ಕಿಂತ ಬಹಳ ದೊಡ್ಡದೆಂದು ಒಪ್ಪಿಕೊಂಡಿತು. ತನ್ನ ಹಳೆಯ ಸ್ವಂತ ಕರೆನ್ಸಿ ಡ್ರಾಕ್ಮಾ ಇದ್ದಿದ್ದರೆ ಅದರ ಬೆಲೆ ಇಳಿಸಿಕೊಂಡು ಸ್ವಲ್ಪ ಉಸಿರಾಡಬಹುದಿತ್ತು. ಆ ದಾರಿ ಮುಚ್ಚಿಹೋಗಿತ್ತು. ‘ವಿತ್ತೀಯವಾಗಿ ಒಂದಾದರು, ಹಣಕಾಸಿನಲ್ಲಿ ಒಂದಾಗಲಿಲ್ಲ’ ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ. ಮಾರನೆಯ ದಿನ ಓದಿದರೆ ಯಾವುದು ಯಾವುದೆಂದು ನನಗೇ ತಿಳಿಯಲಿಲ್ಲ.

ಹಿಂದಿಯವರು ‘ಮೌದ್ರಿಕ’, ‘ರಾಜಕೋಷೀಯ’ ಎಂದು ಎರಡು ಮಾಡಿಕೊಂಡು ಪಾರಾಗಿದ್ದಾರೆ. ಅದನ್ನು ಎತ್ತಿ ತರಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ ಮುದ್ರೆ ಎಂದರೆ ಠಸ್ಸೆ, ಇಲ್ಲವೇ ನಾಟ್ಯದವರ ಹಸ್ತ. ಮೌದ್ರಿಕ ಎಂದರೆ ಅಂಚೆ ಕಚೇರಿಯೇ ಕಣ್ಣಿಗೆ ಬರುತ್ತದೆ. ‘ನಾಣ್ಯ ಒಕ್ಕೂಟ’ ಎಂದರೆ ಹೇಗೆ? 1865ರಲ್ಲಿ ಫ್ರಾನ್ಸ್, ಬೆಲ್ಜಿಯಂ, ಇಟಲಿ, ಸ್ವಿಟ್ಜರ್ಲೆಂಡ್ ಸೇರಿ ಮಾಡಿಕೊಂಡ ಲ್ಯಾಟಿನ್ ಒಕ್ಕೂಟಕ್ಕೆ ಅದು ಹೇಳಿಮಾಡಿಸಿದ ಪದ. ಅಲ್ಲಿ ಒಂದಾದದ್ದು ನಿಜವಾಗಿಯೂ ನಾಣ್ಯಗಳೇ, ಚಿನ್ನ ಬೆಳ್ಳಿಯ ತೂಕ ಮತ್ತು ಶುದ್ಧಿ. ಯೂರೋಗೆ ಒಗ್ಗದು. 1999ರ ಜನವರಿ 1ರಂದು ಯೂರೋ ಹುಟ್ಟಿದಾಗ ಅದು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇತ್ತು; ನೋಟು, ನಾಣ್ಯ ಕೈಗೆ ಬಂದದ್ದು 2002ರಲ್ಲಿ. ಮೂರು ವರ್ಷ ನಾಣ್ಯವೇ ಇಲ್ಲದ ನಾಣ್ಯ ಒಕ್ಕೂಟ!

ಅಂದಹಾಗೆ ‘ಹಣಕಾಸು’ ಎಂಬುದರಲ್ಲಿ ಹಣವೂ ಒಂದು ನಾಣ್ಯದ ಹೆಸರು, ಕಾಸೂ ಒಂದು ನಾಣ್ಯದ ಹೆಸರು. ಎರಡೂ ತಮ್ಮ ಲೋಹ ಕಳಚಿಕೊಂಡು ಎಷ್ಟೋ ಕಾಲವಾಯಿತು. ಹಾಗೆ ನೋಡಿದರೆ ಹಗುರವಾಗಿರುವ ಬರಿಯ ‘ಹಣ’ವೇ ಮೇಲು ಅನ್ನಿಸುತ್ತದೆ. ಸದ್ಯಕ್ಕೆ ಮಾನಿಟರಿ ಪಾಲಿಸಿಗೆ ‘ಹಣನೀತಿ’, ಫಿಸ್ಕಲ್ ಪಾಲಿಸಿಗೆ ‘ಬೊಕ್ಕಸ ನೀತಿ’ ಎಂದು ಬರೆದಿದ್ದೇನೆ. ‘ಹಣ ಒಂದಾಯಿತು, ಬೊಕ್ಕಸ ಬೇರೆಬೇರೆಯೇ ಉಳಿಯಿತು’ ಎಂದರೆ ಅರ್ಥಶಾಸ್ತ್ರ ಓದದವರಿಗೂ ಗ್ರೀಸಿನ ಪೇಚು ತಿಳಿಯುತ್ತದೆ. ಆದರೆ ‘ವಿತ್ತೀಯ ಕೊರತೆ’ ಇಷ್ಟು ಬೇರೂರಿರುವಾಗ ‘ಬೊಕ್ಕಸದ ಕೊರತೆ’ ಎಂದರೆ ಓದುಗರು ಒಪ್ಪುತ್ತಾರೆಯೇ ಎಂಬ ಅಳುಕಿದೆ.

‘ಏಕೀಕರಣ’ದ ಬಗ್ಗೆಯೂ ಒಂದು ಮಾತು. ಕನ್ನಡದ ಕಿವಿಗೆ ಏಕೀಕರಣ ಎಂದರೆ 1956. ಒಂದಾಗಿದ್ದು ಹರಿದುಹೋದದ್ದನ್ನು ಮತ್ತೆ ಕೂಡಿಸುವುದು. ಜರ್ಮನಿಯ ಮಾರ್ಕು ಫ್ರಾನ್ಸಿನ ಫ್ರಾಂಕು ಎಂದೂ ಒಂದಾಗಿರಲಿಲ್ಲ. ಸಾಲದ್ದಕ್ಕೆ ಇಂಟಿಗ್ರೇಶನ್ ಎಂಬುದು ಒಂದು ದಿನದ ಘೋಷಣೆಯಲ್ಲ, ಮೆಟ್ಟಿಲು ಮೆಟ್ಟಿಲಾದ ನಡೆ: 1979ರಲ್ಲಿ ವಿನಿಮಯ ದರಗಳು ತೀರ ಅತ್ತಿತ್ತ ಹೋಗದಂತೆ ಕಟ್ಟಿಕೊಂಡದ್ದು, 1999ರಲ್ಲಿ ಅವನ್ನು ಮತ್ತೆ ಬದಲಿಸಲಾಗದಂತೆ ಬಿಗಿದದ್ದು, ಆಮೇಲೆ ನೋಟು. ‘ಹಣಗೂಡಿಕೆ’ ಎಂದು ಬರೆದು ಹೊಡೆದುಹಾಕಿದೆ. ಅದು ಚಂದಾ ಎತ್ತಿದ ಹಾಗಿದೆ. ‘ಹಣದ ಒಗ್ಗೂಡಿಕೆ’ ಸದ್ಯ ನಿಂತಿದೆ, ಒಕ್ಕೂಟದ ನೆಂಟತನವೂ ಕೇಳಿಸುತ್ತದೆ.

ಇನ್ನು ವೈದ್ಯರದು. ‘ವೈದ್ಯರ ತಪಾಸಣೆ’, ‘ವೈದ್ಯರ ಪರೀಕ್ಷೆ’ ಎರಡನ್ನೂ ಬಿಡಲೇಬೇಕು. ವೈದ್ಯರು ಮಾಡಿದ್ದೋ ವೈದ್ಯರನ್ನು ಮಾಡಿದ್ದೋ ನಮ್ಮ ಷಷ್ಠಿ ವಿಭಕ್ತಿ ಬಾಯಿ ಬಿಡುವುದಿಲ್ಲ. ‘ಮೌಲ್ಯಮಾಪನ’ ಎಂದರೆ ಉತ್ತರ ಪತ್ರಿಕೆ, ಕೆಂಪು ಶಾಯಿ, ಪಾಸು ಫೇಲು. ವಿಚಿತ್ರವೆಂದರೆ ಅದು ಮೊದಲ ಲೇಖನಕ್ಕೆ ಚೆನ್ನಾಗಿ ಹೊಂದುತ್ತದೆ. ಯೂರೋ ಸೇರಬಯಸುವ ದೇಶವನ್ನು ಹಣದುಬ್ಬರ, ಬಡ್ಡಿದರ, ಕೊರತೆ, ಸಾಲ, ವಿನಿಮಯ ದರ ಎಂದು ಒಂದೊಂದಾಗಿ ಪರೀಕ್ಷಿಸಿಯೇ ಒಳಗೆ ಬಿಡುವುದು. ದೇಶಕ್ಕೆ ಸಲ್ಲುವ ಪದ ಡಾಕ್ಟರಿಗೆ ಸಲ್ಲುತ್ತಿಲ್ಲ.

ಯಾಕೆಂದರೆ ಬ್ರಿಟನ್ನಿನ ಫ್ಯಾಮಿಲಿ ಡಾಕ್ಟರುಗಳ ವಿಷಯದಲ್ಲಿ ಲೇಖನ ಹೇಳುವುದು ಮೂರು ಬೇರೆ ಕೆಲಸ. ವರ್ಷಕ್ಕೊಮ್ಮೆ ಇನ್ನೊಬ್ಬ ಡಾಕ್ಟರರ ಜೊತೆ ಕೂತು ತನ್ನ ಕೆಲಸವನ್ನು ತಾನೇ ತಿರುಗಿ ನೋಡುವ ಅಪ್ರೈಸಲ್, ಅಲ್ಲಿ ಅಂಕವಿಲ್ಲ. 2012ರ ಕೊನೆಯಿಂದ ಶುರುವಾದ, ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಬರುವ ರೀವ್ಯಾಲಿಡೇಶನ್. ಪರವಾನಗಿ ಮುಂದುವರಿಯುವುದು ಅದರ ಮೇಲೆ. ಮೂರನೆಯದು ಕ್ಲಿನಿಕಲ್ ಆಡಿಟ್. ಸಕ್ಕರೆ ಕಾಯಿಲೆಯವರಲ್ಲಿ ಎಷ್ಟು ಜನರ ಪಾದ ನೋಡಿದೆ, ಎಷ್ಟು ಜನರದು ನೋಡಬೇಕಿತ್ತು ಎಂದು ದಾಖಲೆ ತೆಗೆದು ಹೋಲಿಸಿ, ತಿದ್ದಿಕೊಂಡು, ಕೆಲವು ತಿಂಗಳ ನಂತರ ಮತ್ತೆ ಹೋಲಿಸುವುದು. ಇದನ್ನು ‘ವೈದ್ಯಕೀಯ ಲೆಕ್ಕಪರಿಶೋಧನೆ’ ಎಂದರೆ ಡಾಕ್ಟರ ಫೀಸಿನ ಪುಸ್ತಕ ತೆರೆದಂತಾಗುತ್ತದೆ. ನನಗೆ ‘ತಾಳೆ ನೋಡುವುದು’ ಎಂಬ ಮಾತೇ ಸರಿಕಂಡಿದೆ. ‘ಚಿಕಿತ್ಸಾ ತಾಳೆ’ ಎಂದು ನಾಮಪದ ಮಾಡಿದರೆ ತಾಳೆ ಎಣ್ಣೆ ನೆನಪಾಗುತ್ತದೆಯೇ, ಹೇಳಿ. ಅಪ್ರೈಸಲ್‌ಗೆ ‘ಕೆಲಸದ ಅವಲೋಕನ’, ರೀವ್ಯಾಲಿಡೇಶನ್‌ಗೆ ‘ಪರವಾನಗಿಯ ಮರುದೃಢೀಕರಣ’ ಎಂದಿಟ್ಟಿದ್ದೇನೆ. ಎರಡನೆಯದು ಉದ್ದವಾಯಿತು, ಆದರೆ ತಪ್ಪು ತಿಳಿಯುವಂತಿಲ್ಲ.

ಪ್ರಾಕ್ಟೀಸನ್ನು ‘ವೈದ್ಯಕೀಯ ಅಭ್ಯಾಸ’ ಎಂದು ಬರೆದವರನ್ನು ನೋಡಿದ್ದೇನೆ; ಡಾಕ್ಟರು ಇನ್ನೂ ಕಲಿಯುತ್ತಿದ್ದಾರೆ ಅನ್ನಿಸಿ ರೋಗಿ ಎದ್ದು ಹೋದಾನು. ಜನರಲ್ ಪ್ರಾಕ್ಟೀಶನರ್‌ಗೆ ‘ಸಾಮಾನ್ಯ ವೈದ್ಯ’ ಎಂಬುದೂ ಹಾಗೆಯೇ, ಅಸಾಮಾನ್ಯರು ಬೇರೆ ಇದ್ದಾರೆ ಎಂಬಂತೆ. ‘ಕುಟುಂಬ ವೈದ್ಯ’ ಬರವಣಿಗೆಗೆ ಸಾಕು, ಮಾತಿನಲ್ಲಿ ಫ್ಯಾಮಿಲಿ ಡಾಕ್ಟರೇ.

ನನಗೆ ಮುಖ್ಯವಾಗಿ ಬೇಕಿರುವುದು ಎರಡು ಉತ್ತರ. ‘ಬೊಕ್ಕಸ ನೀತಿ’ಯನ್ನು ಯಾರಾದರೂ ಈಗಾಗಲೇ ಬಳಸಿದ್ದೀರಾ? ಮತ್ತೆ, ಅಂಕ ಹಾಕದೆ ಕೆಲಸವನ್ನು ಕೂತು ನೋಡುವುದಕ್ಕೆ ‘ಅವಲೋಕನ’ಕ್ಕಿಂತ ಮಣ್ಣಿಗೆ ಹತ್ತಿರವಾದ ಮಾತು ನಿಮ್ಮ ಕಡೆ ಏನಾದರೂ ಇದೆಯೇ?