ಬಿಝಡ್‌ಗೆ ‘ಸನ್ನಿ ಮದ್ದು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಶೀತಲ ಸಮರದ ಕಾಲದಲ್ಲಿ ಸೇನೆಗಳು ನಡೆಸಿದ ಮದ್ದಿನ ಪ್ರಯೋಗಗಳ ಬಗ್ಗೆ ಬರೆಯುತ್ತಿದ್ದೇನೆ. ಶತ್ರುವನ್ನು ಕೊಲ್ಲದೆ ತಲೆ ಕೆಡಿಸಿ ಕೂರಿಸಬೇಕು, ಇದು ಅವರ ಲೆಕ್ಕಾಚಾರ. ಅಮಲಿನ ಮದ್ದು ಎಲ್‌ಎಸ್‌ಡಿ, ಅಮೆರಿಕದ ಸೇನೆ ಪರೀಕ್ಷಿಸಿದ ‘ಬಿಝಡ್’ (BZ) ಎಂಬ ರಾಸಾಯನಿಕ, ಈ ಎರಡಕ್ಕೂ ಕನ್ನಡದಲ್ಲಿ ‘ಭ್ರಮಾಜನಕ’ ಅಂದುಬಿಟ್ಟರೆ ಸಾಲದು ಅನ್ನಿಸುತ್ತಿದೆ.

1964ರಲ್ಲಿ ಬ್ರಿಟನ್ನಿನ ಸೇನಾ ಸಂಶೋಧನಾ ಕೇಂದ್ರ ಪೋರ್ಟನ್ ಡೌನ್‌ನವರು ರಾಯಲ್ ಮರೀನ್ ಸೈನಿಕರ ತುಕಡಿಯೊಂದಕ್ಕೆ ಎಲ್‌ಎಸ್‌ಡಿ ಕೊಟ್ಟು ಕವಾಯತಿಗೆ ಬಿಟ್ಟರು. ಅದರ ಫಿಲ್ಮ್ ಇದೆ. ಒಬ್ಬ ಹಕ್ಕಿಗಳಿಗೆ ತಿನ್ನಿಸಲು ಮರ ಹತ್ತುತ್ತಾನೆ. ಮದ್ದು ಕೊಟ್ಟ ಒಂದು ಗಂಟೆ ಹತ್ತು ನಿಮಿಷಕ್ಕೆ ತುಕಡಿಯ ನಾಯಕ ತನ್ನ ಕೈಲಾಗಲ್ಲ ಅಂತ ಒಪ್ಪಿಕೊಂಡು, ತಾನೂ ನಗುತ್ತಾ ಬಿದ್ದುಕೊಳ್ಳುತ್ತಾನೆ. ಇದಕ್ಕೆ ‘ಭ್ರಮೆ’ ಸರಿ.

ಬಿಝಡ್ ಬೇರೆಯೇ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿರುವ ಎಡ್ಜ್‌ವುಡ್ ಸೇನಾ ಕೇಂದ್ರದಲ್ಲಿ 1955ರಿಂದ 75ರವರೆಗೆ ಸಾವಿರಾರು ಸೈನಿಕರ ಮೇಲೆ ಹಲವು ಮದ್ದುಗಳನ್ನು ಪರೀಕ್ಷಿಸಿದರು. ಬಿಝಡ್ ಪಡೆದವರು ಎರಡು ಮೂರು ದಿನ ಲೋಕದಲ್ಲೇ ಇರುತ್ತಿರಲಿಲ್ಲ. ಎದುರಿಗಿಲ್ಲದವರ ಜೊತೆ ಮಾತು, ಬಡಬಡಿಕೆ, ಗಾಳಿಯಲ್ಲಿ ಏನೋ ಹೆಕ್ಕುವುದು. ಬಾಯಿ ಒಣಗುತ್ತದೆ, ಕಣ್ಣಪಾಪೆ ಅರಳುತ್ತದೆ. ಆಮೇಲೆ ಸರಿಯಾಗಿ ನೆನಪೂ ಇರುವುದಿಲ್ಲ. ಉಮ್ಮತ್ತದ ಕಾಯಿ ತಿಂದವರಿಗೆ ಆಗುವುದೂ ಇದೇ ಅಲ್ವಾ? ಬಿಝಡ್, ಉಮ್ಮತ್ತ ಎರಡೂ ತಡೆಯುವುದು ನರಗಳಲ್ಲಿ ಸಂದೇಶ ಸಾಗಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸವನ್ನೇ. ನಮ್ಮಲ್ಲಿ ಈ ಸ್ಥಿತಿಗೆ ‘ಸನ್ನಿ’ ಅನ್ನುವ ಪದ ಇದ್ದೇ ಇದೆ.

ತೊಡಕು ಇಲ್ಲಿದೆ. ‘ಕೆಮ್ಮಿನ ಮದ್ದು’ ಅಂದರೆ ಕೆಮ್ಮು ವಾಸಿ ಮಾಡುವುದು. ಹಾಗಿದ್ದರೆ ‘ಸನ್ನಿ ಮದ್ದು’ ಅಂದಾಗ ಸನ್ನಿ ಬಿಡಿಸುವುದು ಅಂತ ಯಾರಾದರೂ ಓದಿಕೊಂಡರೆ? ‘ಸನ್ನಿಕಾರಕ’ ಪರೀಕ್ಷೆ ಪುಸ್ತಕದ ಪದದ ಹಾಗಿದೆ. ಬಿಝಡ್ ಅನ್ನು ಹೊಗೆಯಾಗಿ ಹರಡಲು ಬಾಂಬನ್ನೂ ಮಾಡಿದ್ದರು, ಹಾಗಾಗಿ ‘ಮಂಕುಬೂದಿ’ ಕೂಡ ನೆನಪಾಯಿತು. ಆದರೆ ಅದು ಈಗ ಮೋಸಕ್ಕೇ ಮೀಸಲು.

ಇನ್ನು ಇಂಥ ಮದ್ದುಗಳಿಗೆ ಹೇಳುವ ‘ಮಾರಕವಲ್ಲದ ಅಸ್ತ್ರ’ ಅನ್ನುವ ಮಾತು. ನಾನಂತೂ ಇದನ್ನು ಬಳಸುವುದಿಲ್ಲ. 2002ರಲ್ಲಿ ಮಾಸ್ಕೋದ ಥಿಯೇಟರಿನಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ಮಂಪರಿನ ಅನಿಲ ಬಿಟ್ಟರು. ಅದು ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕದ ಜಾತಿಯದು, ಎಲ್‌ಎಸ್‌ಡಿಗೂ ಬಿಝಡ್‌ಗೂ ಸಂಬಂಧವಿಲ್ಲ. ಆದರೆ ಕೊಲ್ಲಬಾರದ ಆ ಅನಿಲಕ್ಕೆ ನೂರಕ್ಕೂ ಜಾಸ್ತಿ ಒತ್ತೆಯಾಳುಗಳು ಬಲಿಯಾದರು. ಸದ್ಯ ‘ದಿಕ್ಕುಗೆಡಿಸುವ ಅಸ್ತ್ರ’ ಅಂತ ಬರೆದಿದ್ದೇನೆ.

ಉಮ್ಮತ್ತ ತಿಂದು ಬಡಬಡಿಸುವವರನ್ನು ನಿಮ್ಮ ಕಡೆ ಏನಂತಾರೆ? ‘ಸನ್ನಿ’ಗಿಂತ ಒಪ್ಪುವ ಮಾತಿದ್ದರೆ, ಯಾವ ಸೀಮೆಯದು ಅಂತಲೂ ಸೇರಿಸಿ ತಿಳಿಸಿ.