ಸಹಾಯ ಬೇಕು: ಚೀನಾದ ಕಿತ್ತಳೆ ತೋಟದ ಇರುವೆಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಕಡೆ ಬೆಳೆ ಕಾಯುವ ಕೀಟಗಳ ಬಗ್ಗೆ ತಿಳಿವಳಿಕೆ ಹೇಗೆ ಬೆಳೆಯಿತು ಅಂತ ಒಂದು ಲೇಖನ ಬರೆಯುತ್ತಿದ್ದೇನೆ.

ಕ್ರಿ.ಶ. 304ರದ್ದು ಎನ್ನಲಾಗುವ, ಚೀನೀ ಲೇಖಕ ಜಿ ಹಾನ್‌ನ ಗಿಡಮರಗಳ ಪುಸ್ತಕದಲ್ಲಿ, ಆಗಿನ ಚೀನಾದ ದಕ್ಷಿಣ ತುದಿಯ ಸಂತೆಗಳಲ್ಲಿ ಇರುವೆ ಮಾರುತ್ತಿದ್ದ ವಿಷಯ ಬರುತ್ತದೆ. ತೆಳು ರೇಷ್ಮೆಯಂಥ ಗೂಡು, ಎಲೆ ಕಡ್ಡಿ ಸಮೇತ ಚಾಪೆಯ ಚೀಲದಲ್ಲಿ. ಈ ಕೆಂಪು-ಹಳದಿ ಇರುವೆ ಇಲ್ಲದಿದ್ದರೆ ಕಿತ್ತಳೆಯೆಲ್ಲ ಹುಳಕ್ಕೇ ಹೋಗುತ್ತದೆ ಅಂತಾನೆ. ಮುಂದೆ ಮರದಿಂದ ಮರಕ್ಕೆ ಇರುವೆ ಓಡಾಡಲಿ ಅಂತ ಬಿದಿರಿನ ಸೇತುವೆ ಕಟ್ಟುವುದೂ ಶುರುವಾಯಿತು. ಎಂಥಾ ಬುದ್ಧಿ ಅಲ್ವಾ! ನಮ್ಮ ಮಲೆನಾಡಲ್ಲಿ ಚಟ್ನಿ ಮಾಡುವ ಚಗಳಿಯೂ ಇದೇ ಜಾತಿ.

1918ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಸ್ವಿಂಗಲ್, ರೋಗ ತಡೆಯುವ ಕಿತ್ತಳೆ ತಳಿ ಹುಡುಕಿ ದಕ್ಷಿಣ ಚೀನಾಕ್ಕೆ ಹೋದಾಗಲೂ ಅಲ್ಲಿ ಇರುವೆ ಸಾಕುತ್ತಿದ್ದರು. 1924ರಲ್ಲಿ ಗ್ರಾಫ್ ಮತ್ತು ಹೊವಾರ್ಡ್ ಎಂಬ ಸಂಶೋಧಕರು ಅದನ್ನೇ ಅಧ್ಯಯನ ಮಾಡಿ ಬರೆದರು. ಆಮೇಲೆ 1950ರ ದಶಕದಲ್ಲಿ ಚೀನಾದ ಕೀಟವಿಜ್ಞಾನಿ ಪು ಝೆಲಾಂಗ್, ಕಬ್ಬಿನ ಕಾಂಡ ಕೊರೆಯುವ ಹುಳ ತಡೆಯಲು, ಅದರ ಮೊಟ್ಟೆಯೊಳಗೇ ಮೊಟ್ಟೆಯಿಡುವ ಟ್ರೈಕೊಗ್ರಾಮಾ ಎಂಬ ಪುಟ್ಟ ಕಣಜದ ಹುಳಗಳನ್ನು ಗದ್ದೆಗೆ ಬಿಡಿಸಿದರು.

ಹಳೆ ಚೀನೀ ಓದಬಲ್ಲವರು ಯಾರಾದರೂ ಇದ್ದರೆ ಜಿ ಹಾನ್‌ನ ಆ ನಾಲ್ಕು ಸಾಲು ನನ್ನ ಜೊತೆ ಕೂತು ನೋಡಿಕೊಡಿ. ಗ್ರಾಫ್-ಹೊವಾರ್ಡ್ ಲೇಖನದ ಸ್ಕ್ಯಾನ್ ಸಿಕ್ಕರೆ ಕಳಿಸಿ. ಹಾಗೇ ಮಲೆನಾಡು, ಕೊಡಗಿನವರೇ, ನಿಮ್ಮಲ್ಲಿ ಯಾರಾದರೂ ಹುಳ ಬೀಳಬಾರದು ಅಂತ ಚಗಳಿ ಗೂಡನ್ನು ಬೇಕಂತಲೇ ಮರದಲ್ಲಿ ಉಳಿಸಿಕೊಳ್ಳುತ್ತೀರಾ? ಯಾವ ಮರ, ಯಾವ ಊರು ಅಂತ ಕಾಮೆಂಟಲ್ಲಿ ಹೇಳಿ, ಫೋಟೋ ಇದ್ದರೆ ಇನ್ನೂ ಒಳ್ಳೆಯದು.